ರಾಕ್ ಕೇಳುವಾಗ ಪಾರಿಜಾತದ ನೆನಪು

ಬೆಂಗಳೂರಿನ ‘ಅಗಂ’ ಬ್ಯಾಂಡಿನ ಮೊದಲ ಆಲ್ಬಮ್ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ (2012) ನಿನ್ನೆ ಮತ್ತೆ ಕೇಳಿದೆ. ತ್ಯಾಗರಾಜರ ‘ಬಂಟುರೀತಿ’ ಎಲೆಕ್ಟ್ರಿಕ್ ಗಿಟಾರ್ ಜೊತೆ ಬಂದರೂ ಹಂಸನಾದ ರಾಗ ಕೆಟ್ಟಿಲ್ಲ. ಖುಷಿಯಾಯ್ತು.

ಆದ್ರೆ ಗೋಕಾಕದವನಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು! ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ನಮ್ಮ ಕಡೆಯದು. ಕುಲಗೋಡ ಈಗ ಮೂಡಲಗಿ ತಾಲೂಕು. ಕೌಜಲಗಿ ನಿಂಗಮ್ಮ ಅದನ್ನು ಹಾಡಿ ಮೆರೆಸಿದವರು. ಉದ್ದನೆಯ ಹಾಡು, ನಡುವೆ ಲಯ ಬದಲಿಸೋದು ಪ್ರೊಗ್ರೆಸಿವ್ ರಾಕಿನವರ ಹೆಮ್ಮೆ ಅಂತಾರೆ. ರಾತ್ರಿಯಿಡೀ ನಡೆಯುವ ಪಾರಿಜಾತದ ಮುಂದೆ ಅದು ಯಾವ ಲೆಕ್ಕ?

ಮೂಡಲಗಿ, ಹುಕ್ಕೇರಿಯ ಹುಡುಗರು ಗಿಟಾರ್ ಹಿಡಿದರೆ ಮೊದಲ ಆಲ್ಬಮ್ಮಿಗೆ ಪಾರಿಜಾತವನ್ನೇ ಎತ್ತಿಕೊಳ್ಳಲಿ. ಅದಕ್ಕೂ ಮುಂಚೆ ಹಳೇ ಕಲಾವಿದರ ಎದುರು ಕೂತು ಕಲೀಲಿ. ರಾಗ ಗೊತ್ತಿದ್ದುದಕ್ಕೇ ಅಗಂನವರ ಗಿಟಾರ್ ಒಪ್ಪಿತು. ಏನಂತೀರಿ?