ಮಂಜಿನ ಬೆಟ್ಟ, 36 ಪಟ

ನಮ್ಮ ಗೋಪಾಲಸ್ವಾಮಿ ಬೆಟ್ಟದ ಮಂಜು ಯಾರ ಮಾತನ್ನೂ ಕೇಳಲ್ಲ. 1,454 ಮೀಟರ್ ಎತ್ತರದಲ್ಲಿ ಒಂದು ಗಳಿಗೆ ಗೋಪುರ ಕಾಣ್ತದೆ, ಇನ್ನೊಂದು ಗಳಿಗೆ ಪಕ್ಕದಲ್ಲಿ ನಿಂತಿರೋ ಅತ್ತಿಗೆಯೂ ಕಾಣಲ್ಲ. ಅಲ್ಲಿ ಪಟ ತೆಗೆಯೋದು ಅಂದ್ರೆ ಕಾಯೋದು ಕಣ್ರೀ.

ರೀಲಿನ ಕಾಲದಲ್ಲಿ ಕಾಯ್ತಿದ್ರು. ಒಂದು ರೀಲಿಗೆ 36 ಪಟ, ಜೋಪಾನವಾಗಿ ತುಂಬಿಸಿದ್ರೆ ಒಂದೆರಡು ಜಾಸ್ತಿ. ರೀಲಿನ ಕಾಸು, ತೊಳೆಸೋ ಕಾಸು, ಕಾಗದಕ್ಕೆ ಹಾಕ್ಸೋ ಕಾಸು, ಎಲ್ಲಾ ಲೆಕ್ಕ ಆದ ಮೇಲೇ ಬೆರಳು ಒತ್ತೋದು. ಅದರ ಮೇಲೆ ಮಂಜು ಮೀಟರನ್ನ ಏಮಾರಿಸ್ತದೆ: ಬೆಳ್ಳಗಿರೋದನ್ನ ಕ್ಯಾಮರಾ ಬೂದು ಮಾಡ್ಬುಡ್ತದೆ. ತಿಳಿದವರು ಒಂದು ಸ್ಟಾಪ್ ಬೆಳಕು ಜಾಸ್ತಿ ಬುಡ್ತಿದ್ರು. ಸರಿ ಬಂತಾ ಇಲ್ವಾ ಅನ್ನೋದು ತೊಳೆಸಿದ ಮೇಲೇ ಗೊತ್ತಾಗ್ತಿತ್ತು.

ಡಿಜಿಟಲ್ ಬಂದು ಆ ಕಷ್ಟ ಹೋಯ್ತು, ಒಳ್ಳೇದೇ ಆಯ್ತು. ಬೂದಾಗಿದ್ರೆ ಅಲ್ಲೇ ತಿದ್ದಿ ಇನ್ನೊಂದು ತೆಗೀಬೋದು. ಮಬ್ಬು ಬೆಳಕಿಗೆ ರೀಲು ಬದಲಾಯಿಸ್ದೆ ಐಎಸ್‌ಒ ಏರಿಸ್ಬೋದು. ಕಲಿಯೋ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲ್ಲ. ರೀಲೇ ಚೆಂದ ಅಂತ ಹಾಡೋರ ಜತೆ ನಾನಿಲ್ಲ. ಮದುವೇದು ಒಂದೇ ಒಂದು ಪಟ ಇರೋ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ನನ್ನ ತಕರಾರು ಬೇರೆ. ಈಗ ಪಟ ತೆಗೆದ ತಕ್ಷಣ ಕತ್ತು ಬಗ್ತದೆ. ಪರದೆ ನೋಡೋದು, ಹಿಗ್ಗಿಸಿ ನೋಡೋದು, ಪಕ್ಕದವರಿಗೆ ತೋರ್ಸೋದು. ಅಷ್ಟರಲ್ಲಿ ಮಂಜು ತೆರೆದು, ಕೆಳಗಿನ ಹುಲ್ಲಿನಲ್ಲಿ ಆನೆ ಹಿಂಡು ಕಂಡು, ತಿರ್ಗಾ ಮುಚ್ಕೊಂಡಿರ್ತದೆ. ಅದನ್ನ ಕಂಡೋರು ಕೈಕಟ್ಕೊಂಡು ನಿಂತಿದ್ದ ಅಜ್ಜಿ ಒಬ್ರೇ. ಇನ್ನು ಹತ್ರ ಹೋಗೋ ಚಟ ಬೇರೆ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೇಲಿ ಆನೆ ಪಟಕ್ಕೆ ಹೋದವರೊಬ್ಬರು ಅದರ ಕಾಲಡಿ ಸಿಕ್ಕಿ ಹೆಂಗೋ ಬದುಕಿದ್ರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕ್ತು.

ಆರಿಸೋ ಕೆಲಸ ಮೊದಲು ಬೆಟ್ಟದ ಮೇಲೇ ಮುಗೀತಿತ್ತು, ಈಗ ಅದು ಮನೆಗೆ ಬಂದದೆ. ಅಕ್ಕಿ ಆರಿಸೋ ಹಂಗೆ ಕೂತು ಆರಿಸ್ಬೇಕು. ಯಾರು ಕೂರ್ತಾರೆ? ಫೋನು ತುಂಬಿದಾಗ ಒಟ್ಟಿಗೆ ಅಳಿಸ್ತಾರೆ, ಗೋಪುರದ 40 ಪಟದ ಜತೆ ಅಜ್ಜೀದೂ ಹೋಗ್ತದೆ.

ಅದಕ್ಕೇ ನಮ್ಮನೇಲಿ ಒಂದು ಕಟ್ಟು ಮಾಡಿದೀವಿ. ಬೆಟ್ಟಕ್ಕೆ ಹೋಗಿಬಂದ ವಾರದೊಳಗೆ ಎಲ್ರೂ ಕೂತು 10 ಪಟ ಆರಿಸಿ ಕಾಗದಕ್ಕೆ ಹಾಕ್ಸೋದು, ಹಿಂದುಗಡೆ ಪೆನ್ಸಿಲಲ್ಲಿ ಹೆಸರು, ತಾರೀಕು ಬರೆಯೋದು. ಸ್ವಂತ ಗಾಡಿ ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸಲ್ಲಿ ಹತ್ತಬೇಕಲ್ಲ, ಆ ಬಸ್ಸಿಗೆ ಕಾಯ್ತಾ ಕಡ್ಲೆಪುರಿ ತಿಂತಿರೋ ನಮ್ಮತ್ತೆ ಪಟಕ್ಕೆ ಹೋದ ಸಲ ಎಲ್ರೂ ಕೈ ಎತ್ತಿದ್ರು. ಗೋಪುರದ್ದಕ್ಕೆ ಎರಡೇ ಕೈ.