ಪೂರ್ವಕವಿಯ ಪಂಕ್ತಿ, ಹಲವರ ಕವಿತೆ

ಕಾವ್ಯವು ಏಕಾಂತದ ಫಲವೆಂದೂ ಒಂದು ಕವಿತೆಗೆ ಒಬ್ಬನೇ ಕರ್ತೃವಿರತಕ್ಕುದೆಂದೂ ನಂಬಿರುವವರಿಗೆ, ಪ್ರಾಚೀನ ಕಾವ್ಯವೊಂದರ ಪಂಕ್ತಿಯನ್ನು ಮುಂದಿರಿಸಿಕೊಂಡು ನಾಲ್ಕಾರು ಮಂದಿ ಕೂಡಿ ಹೊಸ ಕವಿತೆಯನ್ನು ಕಟ್ಟುವ ಯತ್ನವು ಬರಿಯ ವಿನೋದವಾಗಿ ತೋರಬಹುದು. ಆದರೆ ನಮ್ಮ ಸಾಹಿತ್ಯದ ಚರಿತ್ರೆ ಈ ನಂಬಿಕೆಗೆ ಪೂರ್ಣವಾಗಿ ಒತ್ತಾಸೆಯಾಗಿ ನಿಲ್ಲುವುದಿಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಅದೇ ಭಾಮಿನೀ ಷಟ್ಪದಿಯಲ್ಲಿ ಮುಂದುವರಿಸಿದನು; ಶೂನ್ಯಸಂಪಾದನೆಯ ಸಂಕಲನಕಾರರು ಹಲವು ಶರಣರ ವಚನಗಳನ್ನು ಎದುರುಬದುರಾಗಿರಿಸಿ ಸಂವಾದರೂಪವಾದ ಒಂದು ಕೃತಿಯನ್ನು ನಿರ್ಮಿಸಿದರು; ಅವಧಾನದ ಸಭೆಯಲ್ಲಿ ಪೃಚ್ಛಕನು ಒಡ್ಡುವ ಅಸಂಗತಪ್ರಾಯವಾದ ಸಾಲಿಗೆ ಅವಧಾನಿಯು ಉಳಿದ ಪಾದಗಳನ್ನು ಹೊಂದಿಸಿ ಸಮಸ್ಯೆಯನ್ನು ಪೂರಣಮಾಡುತ್ತಾನೆ. ಆದುದರಿಂದ ಹಲವರು ಕೂಡಿ ಬರೆಯುವುದು ಸಾಧ್ಯವೇ ಎಂದು ಕೇಳುವುದಕ್ಕಿಂತ, ಯಾವ ನಿಯಮದಿಂದ ಹಲವರ ನುಡಿ ಒಂದೇ ಕವಿತೆಯಾಗುತ್ತದೆ ಎಂದು ವಿಚಾರಿಸುವುದು ಯುಕ್ತ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರಿಗೆ ಇದರ ಉತ್ತರವು ತಾಳಮದ್ದಳೆಯಲ್ಲಿ ಸಿದ್ಧವಾಗಿಯೇ ಇದೆ. ಧರ್ಮಸ್ಥಳದ ಮೇಳವೇ ಮೊದಲಾದ ಯಕ್ಷಗಾನ ಮೇಳಗಳು ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟವನ್ನು ಮುಗಿಸಿದ ಮೇಲೆ, ಮಳೆಗಾಲದ ಇರುಳುಗಳಲ್ಲಿ ದೇವಸ್ಥಾನಗಳಲ್ಲಿಯೂ ಮನೆಯ ಚಾವಡಿಗಳಲ್ಲಿಯೂ ತಾಳಮದ್ದಳೆಯ ಕೂಟಗಳು ಸೇರುತ್ತವೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಬರೆದಿಟ್ಟ ಮಾತಿನ ನೆರವಿಲ್ಲದೆ ಆಶುವಾಗಿ ಅರ್ಥ ಹೇಳುತ್ತಾರೆ. 'ಕರ್ಣಪರ್ವ'ದಲ್ಲಿ ಗುರಿ ತಪ್ಪಿದ ಸರ್ಪಾಸ್ತ್ರವನ್ನು ಮರಳಿ ತೊಡಲಾರೆನೆಂದು ಕರ್ಣನು ನಿರಾಕರಿಸುವುದೂ, ಶಲ್ಯನು ಮುನಿದು ರಥವನ್ನಿಳಿಯುವುದೂ ಪೂರ್ವನಿಶ್ಚಿತವಾದ ಸಂಗತಿಗಳೇ. ಆದರೂ ಶಲ್ಯನ ಅರ್ಥಧಾರಿ ಹೊಸದೊಂದು ಆಕ್ಷೇಪವನ್ನೆತ್ತಿದೊಡನೆ ಕರ್ಣನ ಅರ್ಥಧಾರಿ ತಾನು ಕಂಠಪಾಠಮಾಡಿ ತಂದುದನ್ನು ಬದಿಗಿರಿಸಿ ಆ ಆಕ್ಷೇಪಕ್ಕೇ ಉತ್ತರ ಕೊಡಬೇಕಾಗುತ್ತದೆ. ಪದ್ಯವು ಸ್ಥಿರ, ಮಾತು ಚರ. ಅವೆರಡರ ನಡುವೆ ಪ್ರತಿಯೊಬ್ಬನೂ ಪೂರ್ವಕವಿಗೂ ಎದುರಿನವನಿಗೂ ಏಕಕಾಲದಲ್ಲಿ ಬದ್ಧನು. ಈ ಉಭಯಬದ್ಧತೆಯೇ ಸಹರಚನೆಯ ಧರ್ಮವೆಂದು ನನ್ನ ಮತ.

ದೂರದ ಜಪಾನಿನಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. 1488ರಲ್ಲಿ ಸೋಗಿ, ಶೋಹಕು, ಸೋಚೊ ಎಂಬ ಮೂವರು ಕವಿಗಳು ಸರದಿಯಂತೆ ನುಡಿದು ನೂರು ಪದ್ಯಗಳ ಮಾಲೆಯೊಂದನ್ನು ಮಿನಾಸೆ ಎಂಬಲ್ಲಿ ಸಮರ್ಪಿಸಿದರು. ಅದರ ಆದಿಪದ್ಯವು ಆ ಸ್ಥಳವನ್ನು ಕುರಿತು ಗೋ-ತೋಬಾ ಎಂಬ ಪೂರ್ವಕಾಲದ ಸಮ್ರಾಟನು ರಚಿಸಿದ ಕವಿತೆಯನ್ನು ಸ್ಮರಿಸುತ್ತದೆ. ಪ್ರತಿಯೊಂದು ಪದ್ಯವೂ ಹಿಂದಿನದಕ್ಕೆ ಹೆಣೆದುಕೊಳ್ಳಬೇಕು, ಆದರೆ ಅದಕ್ಕೂ ಹಿಂದಿನ ಪದ್ಯದ ಭಾವದಿಂದ ದೂರ ಸರಿಯಬೇಕು ಎಂಬುದು ಅಲ್ಲಿಯ ಕಟ್ಟಳೆ.

ಪ್ರಾಚೀನ ಪಂಕ್ತಿಯು ನವೀನ ಪ್ರತಿಭೆಗೆ ಸಂಕೋಲೆಯಾಗದೇ ಎಂದು ಯಾರಾದರೂ ಶಂಕಿಸಬಹುದು. ಪಂಕ್ತಿಯನ್ನು ಅನುಕರಿಸಹೊರಟರೆ ಆಗುವುದು ನಿಜ. ಅದಕ್ಕೆ ವಿರುದ್ಧವಾದ ದೋಷವೂ ಅಷ್ಟೇ ಅಪಾಯಕರ: ಪಂಕ್ತಿಯನ್ನು ಶೀರ್ಷಿಕೆಯಂತೆ ಮೇಲೆ ಬರೆದು, ಕೆಳಗೆ ಒಬ್ಬೊಬ್ಬರೂ ತಮ್ಮ ತಮ್ಮ ಮನೋವ್ಯಥೆಯನ್ನು ಸುರಿದರೆ ಅದು ಸಂತೆಯ ಗದ್ದಲವಾದೀತೇ ಹೊರತು ಕವಿತೆಯಾಗದು. ಪೂರ್ವಕವಿಯನ್ನು ಪ್ರಶ್ನಿಸುವ, ಬೇಕಾದರೆ ಖಂಡಿಸುವ ಸ್ವಾತಂತ್ರ್ಯವಿರಲಿ. ಅವನ ಮಾತನ್ನು ಕೇಳಿಸಿಕೊಳ್ಳದೆ ನುಡಿಯುವ ಸ್ವಾತಂತ್ರ್ಯ ಬೇಡ. ಮಂಜೇಶ್ವರದ ಗೋವಿಂದ ಪೈಗಳು ಪ್ರಾಸವನ್ನು ತ್ಯಜಿಸಿದಾಗಲೂ ಛಂದಸ್ಸನ್ನು ತ್ಯಜಿಸಲಿಲ್ಲವೆಂಬುದು ಇಲ್ಲಿ ಸ್ಮರಣೀಯ.

ಬಂಟ್ವಾಳ, ಮೂಡುಬಿದಿರೆಗಳ ಈ ಸೀಮೆಯಲ್ಲಿ ಇಂತಹ ಅಭ್ಯಾಸಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಮೂಡುಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ 'ಭರತೇಶ ವೈಭವ'ವನ್ನು ರಚಿಸಿದ್ದು ಸಾಂಗತ್ಯದಲ್ಲಿ; ಹಾಡಿಗೂ ಮಾತಿಗೂ ಸಮೀಪವಾದ, ನಾಲ್ಕೇ ಸಾಲಿನ ಆ ಮಟ್ಟು ಹೊಸಬರ ಕೈಗೂ ಸುಲಭವಾಗಿ ಒಗ್ಗುತ್ತದೆ. ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರ (1874–1937) ಪದ್ಯಗಳು ಮಕ್ಕಳಿಗೆ ಮೊದಲೇ ಪರಿಚಿತ. ಸಾಹಿತ್ಯದ ಕೂಟಕ್ಕೂ ಈ ನೆಲ ಹೊಸದಲ್ಲ: 2003ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಎಡೆಗೊಟ್ಟ ಊರು ಮೂಡುಬಿದಿರೆ. ಕವಿಗೋಷ್ಠಿಗಳಲ್ಲಿ ಒಬ್ಬರ ಬಳಿಕ ಒಬ್ಬರು ತಮ್ಮದನ್ನೋದಿ ನಿರ್ಗಮಿಸುವ ಪದ್ಧತಿಗೆ ಒಂದು ದಿನದ ವಿರಾಮ ಕೊಟ್ಟು, ರತ್ನಾಕರನ ಒಂದು ಸಾಲನ್ನು ಮುಂದಿಟ್ಟು, ಹಿಂದಿನವನು ನುಡಿದುದಕ್ಕೆ ಉತ್ತರವಾಗಿಯೇ ಮುಂದಿನವನು ನುಡಿಯತಕ್ಕುದೆಂಬ ನಿಯಮದಿಂದ, ಇಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಅರ್ಥಧಾರಿಗಳೂ ಒಂದು ಕೂಟವನ್ನು ನಡೆಸಿ ನೋಡಲಿ. ಹುಟ್ಟಿದ ಕವಿತೆ ಸಾಧಾರಣವಾದರೂ, ಅದರಲ್ಲಿ ಭಾಗಿಗಳಾದವರು ಪೂರ್ವಕಾವ್ಯವನ್ನು ಹಿಂದೆಂದಿಗಿಂತ ಚೆನ್ನಾಗಿ ಓದಿರುತ್ತಾರೆ. ಆ ಲಾಭವೊಂದೇ ಶ್ರಮಕ್ಕೆ ಸಾಕು.