ಬಯಲಿನಲ್ಲಿ ಕೊಂಡ ಟೈರಿಗೆ ಘಟ್ಟದಲ್ಲಿ ಪರೀಕ್ಷೆ

ದಾವಣಗೆರೆಯ ಪಿ.ಜೆ. ಬಡಾವಣೆಯಂಥ ಬೀದಿಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಬಗೆಯ ಕಾರುಗಳು ಹೆಚ್ಚಾಗಿ ಕಾಣಿಸುತ್ತಿವೆ. ಗಾತ್ರದಲ್ಲಿ ಚಿಕ್ಕವು, ಓಟದಲ್ಲಿ ಚುರುಕಾದವು. ‘ಸ್ಪೋರ್ಟಿ’ ಎಂಬ ವಿಶೇಷಣದೊಂದಿಗೆ ಮಾರಾಟವಾಗುವವು. ಓದಿಗೆಂದೋ ಉದ್ಯೋಗಕ್ಕೆಂದೋ ಮಲೆನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ನಮ್ಮ ತರುಣರಿಗೂ ಇಂಥ ಕಾರುಗಳ ಮೇಲೆ ಒಲವಿದೆ. ಕಾರಿನೊಂದಿಗೆ ಬಂದ ಟೈರುಗಳು ಸವೆದಾಗ ಅವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಅದೇ ಅಳತೆಯ ಟೈರು ಹಾಕಿಸಬೇಕೆ, ಅಥವಾ ಇನ್ನಷ್ಟು ಅಗಲವಾದ, ಇನ್ನಷ್ಟು ದೊಡ್ಡ ಚಕ್ರದ ಟೈರಿಗೆ ಏರಬೇಕೆ? ಅಂಗಡಿಯಲ್ಲಿಯೂ ಗೆಳೆಯರ ಗುಂಪಿನಲ್ಲಿಯೂ ಸಿಗುವ ಉತ್ತರ ಬಹುತೇಕ ಒಂದೇ: “ಅಗಲ ಹೆಚ್ಚಿದರೆ ಹಿಡಿತ ಹೆಚ್ಚು.”

ಕಾಡು, ಹೊಳೆ, ತೋಟಗಳ ಮಾತನಾಡುವ ಪತ್ರಿಕೆಯಲ್ಲಿ ಕಾರಿನ ಟೈರಿಗೇನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿದೆ. ಈ ಕಾರುಗಳು ಹಬ್ಬಕ್ಕೆ, ರಜೆಗೆ, ಕೊಯ್ಲಿಗೆ ಹರಿಹರ, ಹೊನ್ನಾಳಿ, ಶಿವಮೊಗ್ಗಗಳನ್ನು ದಾಟಿ ತೀರ್ಥಹಳ್ಳಿ, ಆಗುಂಬೆಗಳ ಕಡೆಗೆ ಬರುತ್ತವೆ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600-650 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಅದು 7,000 ಮಿಲಿಮೀಟರನ್ನು ಮೀರುತ್ತದೆ. ಟೈರನ್ನು ಆರಿಸುವುದು ಒಣ ಊರಿನ ನೇರ ರಸ್ತೆಯಲ್ಲಿ. ಅದರ ಪರೀಕ್ಷೆ ನಡೆಯುವುದು ಮಳೆಯ ಊರಿನ ತಿರುವಿನಲ್ಲಿ. ಆ ತಿರುವಿನ ಅಂಚಿನಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳು, ಮೇಯಲು ಹೊರಟ ದನಗಳು, ಸೊಪ್ಪಿನ ಹೊರೆ ಹೊತ್ತವರು ಇರುತ್ತಾರೆ. ಆದ್ದರಿಂದ ಇದು ಕೇವಲ ಕಾರಿನ ಒಡೆಯನ ಅಭಿರುಚಿಯ ಸಂಗತಿಯಲ್ಲ.

ಮೊದಲು ಟೈರಿನ ಮೇಲಿನ ಬರಹವನ್ನು ಓದಲು ಕಲಿಯೋಣ. 2021ರಲ್ಲಿ ಮಾರುಕಟ್ಟೆಗೆ ಬಂದ ಹುಂಡೈ ಐ20 ಎನ್ ಲೈನ್ ಎಂಬ ಚುರುಕು ಕಾರಿಗೆ ಕಾರ್ಖಾನೆಯಲ್ಲಿ ಹಾಕಿದ ಅಳತೆ 195/55 ಆರ್16. ಇಲ್ಲಿ 195 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 55 ಎಂಬುದು ಆ ಅಗಲದ ಶೇಕಡ 55ರಷ್ಟು ಎತ್ತರದ ಪಕ್ಕದ ಗೋಡೆ, ಅಂದರೆ ಸುಮಾರು 107 ಮಿ.ಮೀ. ‘ಆರ್’ ಒಳಗಿನ ಎಳೆಗಳ ಜೋಡಣೆಯ ಕ್ರಮ. 16 ಎಂಬುದು ಚಕ್ರದ ವ್ಯಾಸ, ಇಂಚುಗಳಲ್ಲಿ. ಗೋಡೆಯ ಎತ್ತರವನ್ನು ಇಮ್ಮಡಿಸಿ ಚಕ್ರದ ವ್ಯಾಸಕ್ಕೆ (406.4 ಮಿ.ಮೀ.) ಕೂಡಿದರೆ ಟೈರಿನ ಹೊರವ್ಯಾಸ 621 ಮಿ.ಮೀ. ಎಂದು ತಿಳಿಯುತ್ತದೆ. ಈ ಗುಣಾಕಾರ ಹೈಸ್ಕೂಲಿನ ವಿದ್ಯಾರ್ಥಿಗೂ ಸಾಧ್ಯ.

ಈ ಹೊರವ್ಯಾಸವೇ ಲೆಕ್ಕದ ಮೂಲಮಾನ. ವೇಗಮಾಪಕ, ಗೇರು, ಚಕ್ರ ಜಾರದಂತೆ ತಡೆಯುವ ಬ್ರೇಕಿನ ವ್ಯವಸ್ಥೆ, ಇವೆಲ್ಲ ಅದನ್ನೇ ನಂಬಿ ಹೊಂದಿಸಲ್ಪಟ್ಟಿವೆ. ಮಾರುತಿ ಸ್ವಿಫ್ಟ್‌ನ 2018ರ ಮಾದರಿಯಲ್ಲಿ ಕೆಳದರ್ಜೆಗೆ 165/80 ಆರ್14, ಮೇಲ್ದರ್ಜೆಗೆ 185/65 ಆರ್15 ಎಂಬ ಎರಡು ಅಳತೆಗಳಿದ್ದವು. ನೋಟಕ್ಕೆ ಬೇರೆ ಬೇರೆ. ಲೆಕ್ಕ ಮಾಡಿದರೆ ಹೊರವ್ಯಾಸ 619.6 ಮತ್ತು 621.5 ಮಿ.ಮೀ. ಅಂತರ ಸುಮಾರು ಎರಡು ಮಿಲಿಮೀಟರು ಮಾತ್ರ. ಅಳತೆ ಬದಲಿಸುವಾಗ ಕಾರ್ಖಾನೆಯವರೇ ಪಾಲಿಸುವ ಶಿಸ್ತು ಇದು. ಈಗ ಐ20ರ ಉದಾಹರಣೆಗೆ ಮರಳೋಣ. 195/55 ಆರ್16ರ ಬದಲು 215/45 ಆರ್17 ಹಾಕಿದರೆ ಹೊರವ್ಯಾಸ 625 ಮಿ.ಮೀ.; ವ್ಯತ್ಯಾಸ ಶೇಕಡ ಒಂದಕ್ಕಿಂತ ಕಡಿಮೆ. ಲೆಕ್ಕದ ಮಟ್ಟಿಗೆ ಇದು ಸರಿ. ಆದರೆ ಕಾರು ಎತ್ತರವಾಗಿ ಕಾಣಲೆಂದು 205/60 ಆರ್16 ಹಾಕಿದರೆ ಹೊರವ್ಯಾಸ 652ಕ್ಕೆ ಏರುತ್ತದೆ; ವ್ಯತ್ಯಾಸ ಶೇಕಡ 5. ವೇಗಮಾಪಕ 80 ಎಂದಾಗ ಕಾರು 84ರಲ್ಲಿ ಓಡುತ್ತಿರುತ್ತದೆ. ನಾಲ್ಕು ಜನ ಕುಳಿತು ತಿರುವಿನಲ್ಲಿ ವಾಲಿದಾಗ ಟೈರು ಒಳಗಿನ ಮಡ್ಗಾರ್ಡಿಗೆ ಉಜ್ಜುವ ಸಂಭವವೂ ಇದೆ. ವ್ಯಾಸದ ವ್ಯತ್ಯಾಸ ಶೇಕಡ 2ರೊಳಗೆ ಇರಲಿ ಎಂಬುದು ನೆನಪಿಡಬಹುದಾದ ಸೂತ್ರ.

ಲೆಕ್ಕ ಸರಿಹೋದ ಮಾತ್ರಕ್ಕೆ ಆಯ್ಕೆ ಸರಿಯಾಯಿತೇ? ಅಗಲದ ಕುರಿತಾದ ನಂಬಿಕೆಯನ್ನು ಇಲ್ಲಿ ಪರಿಶೀಲಿಸಬೇಕು. ಅಗಲ ಟೈರು ಒಳ್ಳೆಯದೆಂಬುದು ಕೃಷಿಕರಿಗೆ ಅನುಭವದಿಂದ ಬಂದ ತಿಳಿವಳಿಕೆ. ಗದ್ದೆಗಿಳಿದ ಟ್ರ್ಯಾಕ್ಟರಿನ ಅಗಲ ಟೈರು ಹೂತುಹೋಗುವುದಿಲ್ಲ, ಮಣ್ಣನ್ನು ಹೆಚ್ಚು ಅದುಮುವುದಿಲ್ಲ. ಆದರೆ ಅದಕ್ಕೆ ಕಾರಣ ಅಗಲವೊಂದೇ ಅಲ್ಲ. ಅಗಲ ಟೈರಿನಲ್ಲಿ ಗಾಳಿಯ ಒತ್ತಡವನ್ನು ಕಡಿಮೆ ಇಡಬಹುದೆಂಬುದು ನಿಜವಾದ ಕಾರಣ. ಕಾರಿನಲ್ಲಿ ಹಾಗಾಗುವುದಿಲ್ಲ. ಒಂದು ಮುಂಚಕ್ರದ ಮೇಲೆ 350 ಕಿಲೋ ಭಾರ, ಒಳಗೆ 33 ಪೌಂಡು ಗಾಳಿ, ಅಂದರೆ ಚದರ ಸೆಂಟಿಮೀಟರಿಗೆ 2.3 ಕಿಲೋ ಒತ್ತಡ ಎಂದಿಟ್ಟುಕೊಂಡರೆ, ನೆಲಕ್ಕೆ ತಾಗುವ ಜಾಗ ಸುಮಾರು 150 ಚದರ ಸೆಂ.ಮೀ., ನಮ್ಮ ಅಂಗೈಯಷ್ಟು. ಟೈರನ್ನು ಅಗಲಗೊಳಿಸಿ ಗಾಳಿಯನ್ನು ಅಷ್ಟೇ ಇಟ್ಟರೆ ಈ ವಿಸ್ತೀರ್ಣ ಹೆಚ್ಚೇನೂ ಬದಲಾಗದು; ಅದರ ಆಕಾರ ಬದಲಾಗುತ್ತದೆ. ಉದ್ದ ಕುಗ್ಗಿ ಅಡ್ಡ ಹಿಗ್ಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಇದರಿಂದ ಲಾಭವುಂಟು. ಅಂಗಡಿಯವರ ಮಾತು ಸುಳ್ಳಲ್ಲ. ಅದು ಒಣ ನೆಲದ ಸತ್ಯ.

ನೀರು ನಿಂತ ರಸ್ತೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಟೈರು ಮುಂದೆ ಸಾಗಬೇಕಾದರೆ ತನ್ನ ಅಗಲದಷ್ಟು ನೀರನ್ನು ಪಕ್ಕಕ್ಕೆ ಸರಿಸಬೇಕು. ರಸ್ತೆಯ ಮೇಲೆ 3 ಮಿ.ಮೀ. ನೀರಿದ್ದು ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ, 16 ಸೆಂ.ಮೀ. ಅಗಲ ನೆಲಕ್ಕೆ ತಾಗುವ ಟೈರು ಸೆಕೆಂಡಿಗೆ ಹತ್ತೂವರೆ ಲೀಟರಿಗೂ ಹೆಚ್ಚು ನೀರನ್ನು ಹೊರದೂಡಬೇಕು. 18 ಸೆಂ.ಮೀ. ತಾಗುವ ಟೈರಿಗೆ ಅದು 12 ಲೀಟರು. ಪ್ರತಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕೊಡ ನೀರು! ತೂಕ ಅಷ್ಟೇ, ಒತ್ತಡ ಅಷ್ಟೇ, ಕೆಲಸ ಮಾತ್ರ ಹೆಚ್ಚು. ಅಡಿಕೆ ತೋಟದ ಬಸಿಗಾಲುವೆ ಹೂಳು ತುಂಬಿದರೆ ತೋಟಕ್ಕೇನಾಗುತ್ತದೆಂದು ನಮಗೆ ಗೊತ್ತು. ಟೈರಿನ ಮೇಲಿನ ಗೀರುಗಳೂ ಬಸಿಗಾಲುವೆಗಳೇ. ಅವು ಸವೆದು ಆಳ ಕಳೆದುಕೊಂಡಾಗ ನೀರಿಗೆ ದಾರಿಯಿಲ್ಲದೆ ಕಾರು ನೀರಿನ ಮೇಲೆಯೇ ತೇಲತೊಡಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ ರೂಪಿಸಿದ ಸೂತ್ರವೊಂದಿದೆ. ಅದರ ಪ್ರಕಾರ ಸವೆದ ಟೈರು 33 ಪೌಂಡು ಗಾಳಿಯಲ್ಲಿ ಗಂಟೆಗೆ ಸುಮಾರು 96 ಕಿ.ಮೀ. ವೇಗಕ್ಕೆ ತೇಲುತ್ತದೆ, ಗಾಳಿ 25ಕ್ಕೆ ಇಳಿದಿದ್ದರೆ 83ಕ್ಕೇ ತೇಲುತ್ತದೆ. ಕಾರಿನ ಟೈರಿಗೆ ಇದು ಸ್ಥೂಲ ಮಾರ್ಗದರ್ಶಿ ಮಾತ್ರ. ಅಗಲ ಟೈರು ಇನ್ನೂ ಬೇಗ ತೇಲಬಹುದು. ಅಗಲ ಹೆಚ್ಚಿಸಲು ಹಣ ಸುರಿಯುವ ಮೊದಲು ಗಾಳಿ ನೋಡಿಕೊಳ್ಳುವ ಐದು ನಿಮಿಷದ ಕೆಲಸ ಎಷ್ಟು ಬೆಲೆಯುಳ್ಳದ್ದೆಂದು ಇದರಿಂದ ತಿಳಿಯುತ್ತದೆ.

ದೊಡ್ಡ ಚಕ್ರದ ಮತ್ತೊಂದು ತೊಡಕು ಗೋಡೆಯದು. 195/55ರಲ್ಲಿ 107 ಮಿ.ಮೀ. ಇದ್ದ ಗೋಡೆ 215/45ರಲ್ಲಿ 97ಕ್ಕೆ, 205/40ರಲ್ಲಿ 82ಕ್ಕೆ ಇಳಿಯುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿಯೇ ಸ್ಥಾನ ಪಡೆದ ದಾವಣಗೆರೆಯ ಕಾಂಕ್ರೀಟು ರಸ್ತೆಗೆ 82 ಸಾಕಾದೀತು. ಮಳೆಗಾಲ ಮುಗಿದ ಮೇಲಿನ ನಮ್ಮ ಊರ ರಸ್ತೆಯಲ್ಲಿ, ಡಾಂಬರಿನ ಅಂಚು ಕಿತ್ತು ಜಲ್ಲಿ ಎದ್ದಲ್ಲಿ, ಹೊಂಡದ ಪೆಟ್ಟನ್ನು ತಾಳಿಕೊಳ್ಳುವುದು ಆ ಗೋಡೆಯೊಳಗಿನ ಗಾಳಿಯೇ. ಗೋಡೆ ಕುಗ್ಗಿದಷ್ಟೂ ರಿಮ್ ಬಾಗುವ, ಟೈರು ಉಬ್ಬುವ ಸಂಭವ ಹೆಚ್ಚು. ದೊಡ್ಡ ಚಕ್ರ ಸಾಮಾನ್ಯವಾಗಿ ಭಾರವೂ ಹೌದು; ಅದನ್ನು ತಿರುಗಿಸಲೂ ನಿಲ್ಲಿಸಲೂ ಹೆಚ್ಚು ಶಕ್ತಿ ಬೇಕು. ಚುರುಕಿಗಾಗಿ ಕೊಂಡ ಕಾರು ಹೀಗೆ ಚುರುಕನ್ನೇ ಕಳೆದುಕೊಳ್ಳುವುದು ವಿಪರ್ಯಾಸ.

ಇನ್ನು ಹೊಳೆಯ ಮಾತು. ಹೊಸ ಟೈರಿನ ಗೀರು ಸುಮಾರು 8 ಮಿ.ಮೀ. ಆಳ. ಅದು 2 ಮಿ.ಮೀ.ಗೆ ಬರುವಷ್ಟರಲ್ಲಿ ಒಂದೊಂದು ಟೈರೂ ಒಂದರಿಂದ ಒಂದೂವರೆ ಕಿಲೋ ರಬ್ಬರನ್ನು ರಸ್ತೆಗೆ ಬಿಟ್ಟಿರುತ್ತದೆ. ನಾಲ್ಕಕ್ಕೆ ಲೆಕ್ಕ ಹಾಕಿದರೆ ನಾಲ್ಕರಿಂದ ಆರು ಕಿಲೋ. ಆ ಪುಡಿ ಗಾಳಿಗೆ, ಚರಂಡಿಗೆ, ಹಳ್ಳಕ್ಕೆ ಸೇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಇದರ ಕಾರಣವನ್ನು ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ರಬ್ಬರು ಬಿರಿಯದಿರಲೆಂದು ಟೈರಿಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಜೋನಿನೊಂದಿಗೆ ಕೂಡಿ ಆಗುವ ಕ್ವಿನೋನ್ ಎಂಬ ವಸ್ತುವೇ ಆ ವಿಷ. ಆ ಮೀನು ನಮ್ಮ ಹೊಳೆಗಳದ್ದಲ್ಲ. ತುಂಗೆಯ ಮೀನಿಗೂ ಹಾಗೆಯೇ ಆಗಿದೆಯೆಂದು ಹೇಳುವುದು ಅವಸರವಾದೀತು. ಆದರೆ ತೀರ್ಥಹಳ್ಳಿಯ ರಸ್ತೆ ತೊಳೆದ ನೀರು ತುಂಗೆಗೆ, ತುಂಗೆ ಕೂಡಲಿಯಲ್ಲಿ ಭದ್ರೆಯೊಡನೆ ತುಂಗಭದ್ರೆಗೆ, ತುಂಗಭದ್ರೆ ಹೊನ್ನಾಳಿಯ ಮೂಲಕ ಹರಿಹರಕ್ಕೆ ಹರಿಯುತ್ತದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ಎತ್ತಿದ ಆ ನೀರನ್ನು ದಾವಣಗೆರೆ ಕುಡಿಯುತ್ತದೆ. ಬಯಲಿನಿಂದ ಬಂದ ಟೈರಿನ ಪುಡಿಯ ಒಂದಂಶ ಬಯಲಿಗೇ ಮರಳುವ ದಾರಿ ಇದು. ಬೇಗ ಸವೆಯುವ ಮೃದು ರಬ್ಬರಿನ, ಅಗಲವಾದ ಟೈರನ್ನು ಬರಿಯ ನೋಟಕ್ಕಾಗಿ ಆರಿಸುವವರು ಈ ದಾರಿಯನ್ನೊಮ್ಮೆ ನೆನೆಯಬೇಕು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅಪಘಾತವಾದ ಮೇಲೆ ವಿಮೆಯ ಕಾಗದ ಹಿಡಿದು ವಾದಿಸುವುದಕ್ಕಿಂತ ಮೊದಲೇ ಮೂಲ ಅಳತೆಗೆ ನಿಲ್ಲುವುದು ಲೇಸು.

ಹಾಗಾದರೆ ಟೈರು ಕೊಳ್ಳುವವರು ಮಾಡಬೇಕಾದುದೇನು? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಆ ಕಾರಿಗೆ ಒಪ್ಪಿಗೆಯಾದ ಅಳತೆ ಮತ್ತು ಗಾಳಿಯ ಒತ್ತಡ ಸಾಮಾನ್ಯವಾಗಿ ಇರುತ್ತದೆ. ಅದೇ ನಿಮ್ಮ ಪಂಚಾಂಗ. ಅದೇ ಕಾರಿನ ಮೇಲ್ದರ್ಜೆಗೆ ತಯಾರಕರೇ ಬೇರೊಂದು ಅಳತೆಯನ್ನು ಒಪ್ಪಿದ್ದರೆ ಅದನ್ನು ಪರಿಗಣಿಸಬಹುದು, ಅದರಾಚೆಗೆ ಹೋಗಬಾರದು. ಅಳತೆಯ ಮುಂದಿರುವ ‘87ವಿ’ ಎಂಬಂಥ ಗುರುತನ್ನೂ ನೋಡಿ. 87 ಎಂದರೆ ಒಂದು ಟೈರು 545 ಕಿಲೋ ಹೊರಬಲ್ಲದು. 84 ಎಂದರೆ 500 ಕಿಲೋ. ‘ವಿ’ ಎಂಬುದು ತಾಳಬಲ್ಲ ವೇಗದ ಗುರುತು, ಗಂಟೆಗೆ 240 ಕಿ.ಮೀ. ಈ ಎರಡೂ ಮೂಲಕ್ಕಿಂತ ಕಡಿಮೆಯಾಗಬಾರದು. ಮನೆಮಂದಿಯ ಜೊತೆಗೆ ಅಡಿಕೆ ಮೂಟೆಯನ್ನೂ ಹೇರುವ ನಮ್ಮವರು ಭಾರದ ಸಂಖ್ಯೆಯನ್ನಂತೂ ಮರೆಯಬಾರದು. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕೆಗಳು ಅದು ಹುಟ್ಟಿದ ದಿನ ಹೇಳುತ್ತವೆ: 2324 ಎಂದಿದ್ದರೆ 2024ರ 23ನೆಯ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಟೈರು ಬೇಡ.

ಎರಡೇ ಟೈರು ಕೊಳ್ಳುವ ಶಕ್ತಿಯಿದ್ದರೆ ಹೊಸ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ ಇದು ವಿಚಿತ್ರವೆನಿಸಬಹುದು. ಆದರೆ ಒದ್ದೆ ತಿರುವಿನಲ್ಲಿ ಹಿಂಬದಿ ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಅದನ್ನು ಸಾವರಿಸುವುದು ಬಲು ಕಷ್ಟ. ಗೀರಿನ ಆಳ 1.6 ಮಿ.ಮೀ.ಗೆ ಇಳಿದಾಗ ಒಳಗಿನ ಗುರುತುಪಟ್ಟಿ ಮೇಲ್ಮೈಗೆ ಸಮವಾಗುತ್ತದೆ. ಅದು ಕೊನೆಯ ಗಡಿ. ಮಲೆನಾಡಿನ ಮಳೆಗೆ ಅಷ್ಟರವರೆಗೆ ಕಾಯದೆ 3 ಮಿ.ಮೀ. ಇರುವಾಗಲೇ, ಮುಂಗಾರಿಗೆ ಮೊದಲೇ ಬದಲಿಸುವುದು ಒಳಿತು. ಅಗಲಕ್ಕೆಂದು ಎತ್ತಿಟ್ಟ ಹಣವನ್ನು ಅದೇ ಅಳತೆಯಲ್ಲಿ ಒದ್ದೆ ರಸ್ತೆಯ ಹಿಡಿತ ಉತ್ತಮವಾಗಿರುವ ಟೈರಿಗೆ ಕೊಡಿ. ಒದ್ದೆ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರಕ್ಕೂ ಕೇಂದ್ರ ಸರ್ಕಾರ 2022ರಲ್ಲಿ ಮಾನದಂಡ ವಿಧಿಸಿದೆ. ಅಂಗಡಿಯಲ್ಲಿ ಆ ಕುರಿತು ಕೇಳುವ ಹಕ್ಕು ನಮಗಿದೆ.

ಬಿಚ್ಚಿಸಿದ ಹಳೆಯ ಟೈರನ್ನು ಊರಿಗೆ ತಂದು ಹಿತ್ತಲಲ್ಲಿ ಎಸೆಯಬೇಡಿ. ಅದರಲ್ಲಿ ನಿಂತ ನೀರು ಡೆಂಗಿ ಸೊಳ್ಳೆಯ ತೊಟ್ಟಿಲು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂತು. ಹಳೆಯ ಟೈರಿನ ಮರುಬಳಕೆಯ ಹೊಣೆಯನ್ನು 2022ರ ಜುಲೈನ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಕೊಂಡ ಅಂಗಡಿಗೇ ಅದನ್ನು ಬಿಟ್ಟುಬರುವುದು ಸುಲಭದ ದಾರಿ.

ವೇಗದ ಕಾರಿನ ಮೇಲೆ ತರುಣರಿಗಿರುವ ಪ್ರೀತಿಯನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ಯಂತ್ರವನ್ನು ಪ್ರೀತಿಸುವವನು ಅದರ ಲೆಕ್ಕವನ್ನೂ ಪ್ರೀತಿಸಬೇಕು. ಆಗುಂಬೆ ಘಟ್ಟದಲ್ಲಿ 14 ಹಿಮ್ಮುರಿ ತಿರುವುಗಳಿವೆ. ಅಲ್ಲಿ ಜುಲೈ ತಿಂಗಳ ಒಂದು ಸಂಜೆ, ಮಂಜು ಮುಚ್ಚಿ ರಸ್ತೆಯೇ ತೊರೆಯಾದಾಗ, ಚಕ್ರದ ಹೊಳಪನ್ನು ನೋಡುವವರು ಯಾರೂ ಇರುವುದಿಲ್ಲ. ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳು ನೀರನ್ನು ಸೀಳಿ ನೆಲವನ್ನು ಹಿಡಿಯುತ್ತವೆಯೇ ಇಲ್ಲವೇ ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಪಿ.ಜೆ. ಬಡಾವಣೆಯಲ್ಲಿ ಟೈರು ಕೊಳ್ಳುವಾಗ ಕಣ್ಣೆದುರು ಆ ಸಂಜೆ ಇರಲಿ.